ಬೆನ್ನ ಹಿಂದಿನ ಮಾತು

"ತಿರುಗಿದ್ಳಲ್ರೀ, ನೋಡಿದ್ರಾ? ಕಿವುಡಿ ಅಂತೆ, ಕಿವುಡಿ. ಸರ್ಕಾರದ ದುಡ್ಡು ಅಂದ್ರೆ ಕಿವಿ ಇದ್ದೋರಿಗೂ ಕಿವಿ ಇರಲ್ಲ."

ಹೀಗೆಂದು ಗುಮಾಸ್ತನ ಕಡೆ ನೋಡಿ ಸಾಹೇಬ ತಾನೇ ನಕ್ಕ. ಸಾಹೇಬ ನಕ್ಕನೆಂದು ಗುಮಾಸ್ತ ನಕ್ಕ. ಗುಮಾಸ್ತ ನಕ್ಕನೆಂದು ಬಾಗಿಲ ಬಳಿಯ ಜವಾನನೂ ಹಲ್ಲು ಬಿಟ್ಟ. ಕಚೇರಿಯಲ್ಲಿ ನಗೆ ಕೂಡ ಮೇಲಿನಿಂದ ಕೆಳಕ್ಕೇ ಇಳಿಯಬೇಕು.

ಲಾಂಡ್ರಿಯ ಹೆಂಗಸು ಮಾತ್ರ ತನ್ನ ಬಲಗಾಲಿನ ಹಿಮ್ಮಡಿ ನೋಡಿಕೊಂಡಳು. ಮಾಡಬಾರದ್ದನ್ನು ಮಾಡಿದ್ದು ಅದೇ.

ಎಲ್ಲ ಸರಿಯಾಗಿಯೇ ನಡೆದಿತ್ತು. ಮಗಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು. ಸಾಹೇಬ ಹಿಂದಿನಿಂದ ಹೆಸರು ಹಿಡಿದು ಕರೆದ, ಚಪ್ಪಾಳೆ ತಟ್ಟಿದ, ಮೇಜಿನ ಗಂಟೆ ಬಾರಿಸಿದ. ಹುಡುಗಿ ಗೋಡೆಯ ಮೇಲಿನ ನೊಣ ನೋಡುತ್ತ ನಿಂತಿದ್ದಳು. ಸಾಹೇಬ ಕನ್ನಡಕ ತೆಗೆದು ಪೆನ್ನು ಹಿಡಿದ. ಮುಗಿಯಿತು ಎಂದುಕೊಂಡ ತಾಯಿ, ಮಗಳನ್ನು ಕರೆಯಲು, ದಿನಾ ಕರೆಯುವ ಹಾಗೆ, ಮರದ ಹಲಗೆಯ ನೆಲಕ್ಕೆ ಹಿಮ್ಮಡಿಯಿಂದ ಎರಡು ಸಲ ಬಡಿದಳು. ಅದೇ ಗಳಿಗೆಗೆ ಸಾಹೇಬ, "ಏ ಹುಡುಗಿ" ಎಂದ. ಮಗಳು ತಿರುಗಿದಳು.

ಆಸ್ಪತ್ರೆಯ ಚಾದರಗಳನ್ನು ಒಗೆಯುವ ಆ ಲಾಂಡ್ರಿಯಲ್ಲಿ ಎಲ್ಲರೂ ಕಿವುಡರೇ. ಯಂತ್ರಗಳು ತಿರುಗತೊಡಗಿದರೆ ದೇವರೇ ಬಂದು ಕೂಗಿದರೂ ಕೇಳಿಸದು. ಹೆಂಗಸರು ತುಟಿಯಲ್ಲೇ ಜಗಳವಾಡುತ್ತಿದ್ದರು, ತುಟಿಯಲ್ಲೇ ಹಾಡುತ್ತಿದ್ದರು, ಬೆನ್ನು ಹಾಕಿದವರನ್ನು ನೆಲ ಬಡಿದು ಕರೆಯುತ್ತಿದ್ದರು. ಚಾದರದ ಗುಡ್ಡೆಗಳ ನಡುವೆ ಬೆಳೆದ ಹುಡುಗಿಗೆ ತನಗೊಂದು ಕೊರತೆಯಿದೆಯೆಂದು ತಿಳಿದದ್ದೇ ಶಾಲೆಗೆ ಹೋದ ಮೇಲೆ. "ನಮ್ಮೆಲ್ಲರಿಗಿಂತ ನಿನ್ನ ಮಗಳಿಗೇ ಚೆನ್ನಾಗಿ ಕೇಳ್ಸುತ್ತೆ ಕಣೇ" ಎಂದು ಜೊತೆಯವರು ಹೇಳಿದಾಗ ತಾಯಿ ಉಬ್ಬಿಹೋಗುತ್ತಿದ್ದಳು. 

"ಸಾರ್, ಅವಳಿಗೆ ಕೇಳ್ಸಿದ್ದಲ್ಲ. ನಾನು ಕಾಲು ಬಡಿದೆ. ನೆಲ ಅದುರಿತು, ಅದಕ್ಕೇ ತಿರುಗಿದ್ಳು."

"ಓಹೋ. ಕಿವಿ ಅಂಗಾಲಲ್ಲಿದೆಯಾ?"

"ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟಿದ್ದೀನಿ ಸಾರ್."

"ಕಾಸು ಬಿಸಾಕಿದ್ರೆ ಡಾಕ್ಟ್ರು ಹೆಣಕ್ಕೂ ನೆಗಡಿ ಅಂತ ಬರ್ಕೊಡ್ತಾನೆ. ನಡಿ ಆಚೆ."

ಆಚೆ ನಡೆದರೆ ಏನೆಂದು ತಾಯಿಗೆ ಗೊತ್ತಿತ್ತು. ಮಗಳು ಫಾರ್ಮಸಿ ಓದುತ್ತಿದ್ದಳು, ಎರಡನೇ ವರ್ಷ. ಹಾಸ್ಟೆಲ್ ಖರ್ಚು ವರ್ಷವರ್ಷವೂ ಇಲ್ಲಿ ಸಹಿ ಬೀಳಬೇಕಾದ ಈ ಸರ್ಕಾರಿ ನೆರವಿನಿಂದ. ಮೇಷ್ಟ್ರು ಬೋರ್ಡಿನ ಕಡೆ ಮುಖ ಮಾಡಿ ಗೊಣಗುವ ಪಾಠವನ್ನು ಪಕ್ಕದಲ್ಲಿ ಕೂತು ಬರೆದುಕೊಡುವವಳ ಸಂಬಳವೂ ಇದರಿಂದಲೇ. ಇದು ನಿಂತರೆ ಮಗಳು ನಾಳೆಯೇ ಚಾದರದ ಗುಡ್ಡೆಗೆ ವಾಪಸ್ಸು. ಅದೂ ತಾಯಿಯ ಹಿಮ್ಮಡಿಯ ಕೃಪೆಯಿಂದ.

ಅವಳು ಸಾಹೇಬನ ಕಾಲು ಹಿಡಿದಳು. ಕಾಲು ಹಿಡಿಸಿಕೊಳ್ಳುವುದು ಸಾಹೇಬನಿಗೆ ಇಷ್ಟವಿರಲಿಲ್ಲ; ಬೂಟಿನ ಪಾಲಿಶ್ ಹೋಗುತ್ತದೆ.

"ಸರಿ, ಇನ್ನೊಂದು ಸಲ. ಹೊರಗೆ ಸಿಮೆಂಟ್ ನೆಲದ ಮೇಲೆ. ನೀನು ಚಪ್ಪಲಿ ಬಿಚ್ಚಿ ಅವಳ ಎದುರಿಗೆ ನಿಲ್ಲು. ನಿನ್ನ ಕಾಲು ನನಗೆ ಕಾಣ್ತಾ ಇರ್ಬೇಕು. ಅಲ್ಲಾಡಿದ್ರೋ, ಫೈಲು ಮುಚ್ಚಿದೆ."

ಹೊರಗಿನ ಓಣಿಯಲ್ಲಿ ಬೆಂಚುಗಳ ಮೇಲೆ ಉಳಿದವರು ಕಾದಿದ್ದರು. ಉತ್ತರ ದಿಕ್ಕಿನ ಚಳಿಗಾಳಿ ಕಿಟಕಿಯ ಸಂದಿಯಿಂದ ನುಗ್ಗುತ್ತಿತ್ತು. ಕುರುಡು ಮಗನ ಕೈ ಹಿಡಿದಿದ್ದ ಹಮಾಲನೊಬ್ಬ ಎದ್ದು ಜಾಗ ಬಿಟ್ಟ. ತಾಯಿ ಬರಿಗಾಲಲ್ಲಿ ನಿಂತಳು. ಮಗಳು ಅವಳನ್ನೇ ನೋಡುತ್ತ ನಿಂತಳು. ಸಾಹೇಬ ಮಗಳ ಬೆನ್ನ ಹಿಂದೆ ಬಂದ.

"ಹೆಸರು ಕೂಗಿದ್ರೆ ಸುಮ್ಮನಿರೋದನ್ನ ಮನೇಲಿ ಅಭ್ಯಾಸ ಮಾಡ್ಸಿರ್ತಾರೆ," ಎಂದು ಗುಮಾಸ್ತನಿಗೆ ವಿವರಿಸಿದ. "ಹೆತ್ತೋಳನ್ನ ಬೈದ್ರೆ ಮಾತ್ರ ಯಾರಿಗೂ ತಡ್ಕೊಳ್ಳೋಕಾಗಲ್ಲ. ನನ್ನ ಸರ್ವೀಸಿನಲ್ಲಿ ಕಂಡ್ಕೊಂಡಿದ್ದು."

ಆಮೇಲೆ ಶುರುಮಾಡಿದ.

"ಏ ಕಿವುಡಿ, ನಿಮ್ಮಮ್ಮ ಸೂಳೆ. ಹಗಲು ಊರೋರ ಚಾದರ ಒಗೀತಾಳೆ, ರಾತ್ರಿ ಅದೇ ಚಾದರದ ಮೇಲೆ ಮಲಗ್ತಾಳೆ. ಯಾವ ಬೋಳಿಮಗನಿಗೆ ಹುಟ್ಟಿದೆ ಅಂತ ಅವಳಿಗೇ ಗೊತ್ತಿಲ್ಲ. ಕೊಳಕಲ್ಲಿ ಹುಟ್ಟಿದ್ದಕ್ಕೇ ಕೊಳೆತ ಕಿವಿ."

ಮಗಳಿಗೆ ತಾಯಿಯ ಮುಖವನ್ನು ಓದುವುದು ಕೂಸಾಗಿದ್ದಾಗಿನಿಂದ ಬಂದ ವಿದ್ಯೆ. ಹುಬ್ಬು ಒಂದಿಷ್ಟು ಸರಿದರೂ ಅವಳು ಹಿಂದೆ ತಿರುಗುತ್ತಿದ್ದಳು. ತಾಯಿ ಮುಖವನ್ನು ಇಸ್ತ್ರಿ ಮಾಡಿದ ಚಾದರದ ಹಾಗೆ ಹಿಡಿದಳು, ಒಂದು ಮಡಿಕೆ ಬೀಳಬಾರದು. ಮಗಳಿಗೆ ಕಿವಿ ಬರಲೆಂದು ಎಷ್ಟೋ ವರ್ಷ ಬೇಡಿಕೊಂಡವಳು, ಈಗ ದೇವರೇ, ಇವಳು ಕಿವುಡಿಯಾಗಿಯೇ ಇರಲಿ, ಒಂದು ಅಕ್ಷರವೂ ಮುಟ್ಟದಿರಲಿ ಎಂದು ಬೇಡಿಕೊಂಡಳು. ಮಗಳು ಅನುಮಾನಪಟ್ಟಾಳೆಂದು ಕೊನೆಗೆ ಸಣ್ಣಗೆ ನಕ್ಕಳು ಕೂಡ.

ಸಾಹೇಬನಿಗೆ ತೃಪ್ತಿಯಾಯಿತು. "ಇವಳು ನಿಜವಾಗ್ಲೂ ಕಿವುಡಿ ಕಣಯ್ಯ. ಪಾಪ. ಅರ್ಜಿ ತಗೊಂಬಾ." ಬೈದ ಬಾಯಲ್ಲೇ ಪಾಪ ಎನ್ನುವಾಗ ಅವನ ದನಿ ನಿಜಕ್ಕೂ ಮೆತ್ತಗಾಗಿತ್ತು. ಗುಮಾಸ್ತ ಅರ್ಜಿಯನ್ನು ಹುಡುಗಿಯ ಕೈಗೆ ಕೊಟ್ಟು, ಸಾಹೇಬರ ಮುಂದೆ ಹಿಡಿ ಎಂದು ಸನ್ನೆ ಮಾಡಿದ. ಸಾಹೇಬ ಜೇಬಿನಲ್ಲಿ ಪೆನ್ನು ತಡಕಾಡಿದ. ಅದು ಒಳಗೆ ಮೇಜಿನ ಮೇಲಿತ್ತು. ಜವಾನ ಓಡಿದ.

"ಏನಂದ್ರು ಅಮ್ಮ?" ಎಂದಳು ಮಗಳು. ತನ್ನ ದನಿ ಎಷ್ಟು ದೊಡ್ಡದೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಓಣಿಯ ಕೊನೆಯವರೂ ತಲೆಯೆತ್ತಿದರು.

ತಾಯಿ ತುಟಿಯಾಡಿಸಿದಳು: "ಚೆನ್ನಾಗಿ ಓದು ಅಂದ್ರು."

ಹುಡುಗಿಯ ಮುಖ ಅರಳಿತು. ಸಾಹೇಬನ ಕಡೆ ತಿರುಗಿ ಕೈಮುಗಿದಳು. "ತುಂಬಾ ಉಪಕಾರ ಆಯ್ತು ಸಾರ್. ನಿಮ್ಮ ಮಾತು ಉಳಿಸ್ಕೋತೀನಿ."

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ಸಾಹೇಬ ಮೀಸೆಯೊಳಗೇ ನಗುತ್ತ, "ಉಳಿಸ್ಕೋ ಉಳಿಸ್ಕೋ" ಎಂದ. ಹುಡುಗಿ, ಅದೂ ಆಶೀರ್ವಾದವಿರಬೇಕೆಂದು, ಬಗ್ಗಿ ಅವನ ಬೂಟು ಮುಟ್ಟಿದಳು.

ತಾನು ಮುಟ್ಟಿದಾಗ ತಾಯಿಗೆ ಏನೂ ಅನ್ನಿಸಿರಲಿಲ್ಲ. ಬೈಗುಳಕ್ಕೂ ಅಲ್ಲಾಡದ ಅವಳ ಬರಿಗಾಲು ಈಗ ಮುಂದಕ್ಕೆ ಹೆಜ್ಜೆಯಿಟ್ಟಿತು. ಮಗಳನ್ನು ತೋಳು ಹಿಡಿದು ಎಬ್ಬಿಸಿದಳು. ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

ಹಮಾಲನಿಗೆ ಅರ್ಥವಾಯಿತು. "ಬೇಡಕ್ಕ," ಎಂದು ಪಿಸುಗುಟ್ಟಿದ. "ಸಹಿ ಆಗ್ಲಿ ತಡಿ. ಪೆನ್ನು ಬಂತು."

"ಆಗ ನಾನು ಸುಳ್ಳು ಹೇಳ್ದೆ ಮಗಾ," ಎಂದಳು ತಾಯಿ. "ಅವರು ಅಂದಿದ್ದು ಇದು." ಹೇಳಿದಳು. ಸೂಳೆಯಿಂದ ಕೊಳೆತ ಕಿವಿಯವರೆಗೆ, ಯಂತ್ರಗಳ ನಡುವೆ ಹೇಳುವ ಹಾಗೆ, ಒಂದೊಂದು ಮಾತನ್ನೂ ತುಟಿಯಲ್ಲಿ ಬಿಡಿಸಿ ಬಿಡಿಸಿ.

ಹುಡುಗಿ ಕೊನೆಯವರೆಗೂ ನೋಡಿದಳು. ಆಮೇಲೆ ಸಾಹೇಬನ ಕಡೆ ತಿರುಗಿ, ಅಷ್ಟನ್ನೂ ಅದೇ ಕ್ರಮದಲ್ಲಿ, ಪಾಠ ಒಪ್ಪಿಸುವ ಹಾಗೆ, ಏರಿಳಿತವಿಲ್ಲದ ಆ ದೊಡ್ಡ ದನಿಯಲ್ಲಿ ಹೇಳಿದಳು. ಒಳಗಿನ ಕೋಣೆಗಳ ಬಾಗಿಲುಗಳು ಒಂದೊಂದಾಗಿ ತೆರೆದವು.

"ಇದು ನೀವಂದಿದ್ದಾ ಸಾರ್?"

ಸಾಹೇಬನ ಕೈಗೆ ಅಷ್ಟರಲ್ಲಿ ಪೆನ್ನು ಬಂದಿತ್ತು. ಹುಡುಗಿ ಅರ್ಜಿಯನ್ನು ಮಗುಚಿ, ಖಾಲಿ ಬೆನ್ನನ್ನು ಅವನ ಮುಂದೆ ಹಿಡಿದಳು.

"ಬರ್ದು ಕೊಡಿ. ನನಗೆ ಕೇಳ್ಸಲ್ಲ."

ಸಾಹೇಬ ಏನೋ ಕಿರುಚಿದ. ಮೀಸೆ ಮುಚ್ಚಿದ ತುಟಿ ಓದಲಾಗದೆ ಹುಡುಗಿ ತಾಯಿಯ ಕಡೆ ನೋಡಿದಳು. ಕಾಗದ ಹಿಡಿದ ಕೈ ಹಾಗೇ ಇತ್ತು. ತಾಯಿ ಅದನ್ನೂ ಒಂದು ಅಕ್ಷರ ಬಿಡದೆ ಹೇಳತೊಡಗಿದಳು.