ಬೇಡಪ್ಪನವರ ಗೋಪುರ

ಇದರಲ್ಲಿ ಒಂದೇ ಒಂದು ಮಾತು ಸುಳ್ಳಿದ್ರೂ ನನ್ನ ಹೊಲಿಗೆ ಮಿಷಿನ್ ಇವತ್ತೇ ತುಕ್ಕು ಹಿಡೀಲಿ. ನಗಬೇಡಿ ಸಾರ್. ಪೆರೇಡ್ ನಡೀತಿರೋವಾಗ ಒಬ್ಬ ಕೆಡೆಟ್ ಟೋಪಿ ಒಳಗೆ ಗುಬ್ಬಿ ಮರಿ ಮಾಡ್ತು ಅಂತ ಊರೆಲ್ಲ ಹೇಳಿದವನು ನಾನೇ. ಇದು ಆ ತರದ್ದಲ್ಲ. ನಿಮ್ಮ ಮಗಳು ಸಾಲಿನ ಕೊನೇಲಿದಾಳೆ, ಗೋಪುರ ಹತ್ತೋ ಸರದಿ ಬರೋಕೆ ಇನ್ನೂ ಹೊತ್ತಿದೆ. ಅಷ್ಟರಲ್ಲಿ ಮುಗಿಸ್ತೀನಿ.

ಹೆಣದ ಪೆಟ್ಟಿಗೆ ಮೆಟ್ಟಿಲಿನ ಎರಡನೇ ಮಹಡಿ ತಿರುವಲ್ಲಿ ಸಿಕ್ಕಿಹಾಕ್ಕೊಂಡಿತ್ತು. ತಲೆ ಕಡೆ ಕಮಾಂಡರ್ ಹಿಡಿದಿದ್ರು, ಕಾಲಿನ ಕಡೆ ನಾನು. ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಬರಲ್ಲ. ಕಮಾಂಡರ್ ಅಂದ್ರೆ ಯುದ್ಧ ಕಂಡವರು ಅಂದ್ಕೋಬೇಡಿ. ವಾರವೆಲ್ಲ ಪರದೆ ಬಟ್ಟೆ ಅಂಗಡಿ, ಶನಿವಾರ ಸಂಜೆ ಮಾತ್ರ ಕಮಾಂಡರ್. ನಮ್ಮ ಕೆಡೆಟ್ ದಳದಲ್ಲಿ ಎಲ್ಲರೂ ಹಾಗೇನೇ, ಸಂಬಳ ಅನ್ನೋದು ಯಾರಿಗೂ ಇಲ್ಲ. ನಾನು ಮಕ್ಕಳ ಯೂನಿಫಾರಂ ಹೊಲಿಯೋ ಟೈಲರ್. ಪೆಟ್ಟಿಗೆ ಒಳಗಿದ್ದವರು ಅದೇ ಕಟ್ಟಡದಲ್ಲಿದ್ದ ಲಿಫ್ಟ್ ಮೆಕ್ಯಾನಿಕ್ಕು, ದಳದಲ್ಲಿ ಸೇಫ್ಟಿ ನೋಡ್ಕೋತಿದ್ರು. ಮಕ್ಕಳು ಇಟ್ಟ ಹೆಸರು ಬೇಡಪ್ಪ.

“ಲಿಫ್ಟ್ ಇರೋ ಕಟ್ಟಡದಲ್ಲಿ ಲಿಫ್ಟ್ ಮೆಕ್ಯಾನಿಕ್ಕನ್ನ ಹೀಗೆ ಮೆಟ್ಟಿಲಲ್ಲಿ ಎಳೆದಾಡ್ತಿದೀವಲ್ಲಯ್ಯ!” ಅಂದ್ರು ಕಮಾಂಡರ್. ಬೆವರು ಕಣ್ಣಿಗೆ ಇಳೀತಿತ್ತು, ಒರೆಸೋಕೆ ಕೈ ಖಾಲಿ ಇರಲಿಲ್ಲ.

ಕೆಳಗಿಂದ ವಾಚ್‌ಮನ್ ಕೂಗಿದ. “ಲಿಫ್ಟಿಗೆ ಬೀಗ ಹಾಕಿದೆ ಸಾರ್.”

“ಯಾರಯ್ಯ ಹಾಕಿದ್ದು?”

“ನೀವು ಹೊತ್ಕೊಂಡಿದೀರಲ್ಲ, ಅವರೇ.”

“ಒಡೆದು ಬಿಸಾಕು ಅದನ್ನ!”

“ನನ್ನ ಕೈಲಾಗಲ್ಲ ಸಾರ್. ಹಾಕಿದವರೇ ತೆಗೀಬೇಕು.”

ಇದು ಆ ಕಸುಬಿನ ಪದ್ಧತಿ ಸಾರ್. ಲಿಫ್ಟ್ ಓಡಾಡೋ ಗುಂಡಿಯೊಳಗೆ ತಲೆ ಹಾಕೋ ಮುಂಚೆ ಮೇನ್ ಸ್ವಿಚ್ಚಿಗೆ ತನ್ನ ಸ್ವಂತ ಬೀಗ ಹಾಕ್ಬೇಕು. ಹಾಕಿದವನು ಬಂದು ತೆಗೆಯೋವರೆಗೂ ಯಾರೂ ಮುಟ್ಟಂಗಿಲ್ಲ, ಮಾಲೀಕ ಬಂದು ಕಾಲು ಹಿಡಿದ್ರೂ ಇಲ್ಲ. ಅವನು ಬರೋ ಹಾಗೇ ಇಲ್ಲ ಅಂದ್ರೆ, ಅದೇ ಕೆಲಸ ಬಲ್ಲ ಇನ್ನೊಬ್ಬ ಕಣ್ಣಾರೆ ನೋಡಿ, ಸರಿ ಇದೆ ಅಂದ ಮೇಲೆ ತೆಗೀಬೇಕು. ಅವರು ಆಸ್ಪತ್ರೆ ಸೇರಿದ ಮೇಲೆ ಅಂಥವನು ಇನ್ನೂ ಬಂದಿರಲಿಲ್ಲ. ಹಾಗಾಗಿ ಬೇಡಪ್ಪ ಮೆಟ್ಟಿಲಲ್ಲೇ ಇಳಿದ್ರು.

ಹಿಂದೆ ಬರ್ತಿದ್ದ ಅವರ ಹೆಂಡತಿ ಅಂದ್ರು, “ಎಡಕ್ಕೆ ಓರೆ ಮಾಡಿ. ನಮ್ಮ ಬೀರು ಹತ್ತಿದ್ದೂ ಹಾಗೇನೇ.”

ಓರೆ ಮಾಡಿದ್ವಿ. ಇಳೀತು.

*

ಬೇಡಪ್ಪ ನಮ್ಮಲ್ಲಿಗೆ ಬಂದಿದ್ದು ಬಾವುಟದ ಕಂಬದ ರಾಟೆ ರಿಪೇರಿಗೆ. ರಿಪೇರಿ ಮುಗಿಸಿ, ಬಿಸಿಲಲ್ಲಿ ನಿಂತ ಮಕ್ಕಳನ್ನ ನೋಡಿ, “ಇವಕ್ಕೆ ನೀರು ಕೊಡೋರು ಯಾರು?” ಅಂದ್ರು. ಅವತ್ತು ಬಂದ ಮನುಷ್ಯ ವಾಪಸ್ ಹೋಗಲೇ ಇಲ್ಲ.

ಆಮೇಲೆ ಎಲ್ಲಕ್ಕೂ ಬೇಡ ಅನ್ನೋರು. ಹಗ್ಗದ ಮೇಲೆ ಮಗು ಇರೋವಾಗ ಕೆಳಗೆ ನಿಂತವನು ಫೋನ್ ನೋಡ್ತಾನಾ? ಬೇಡ, ಇಳಿಸಿ. ಕೋಣೇಲಿ ಒಂದು ಮಗು, ಒಬ್ಬರೇ ದೊಡ್ಡವರು, ಬಾಗಿಲು ಹಾಕಿದೆಯಾ? ಬೇಡ, ತೆಗೀರಿ, ಇನ್ನೊಬ್ಬರು ಬರಲಿ. ನಾನು ಕರೆಂಟ್ ವೈರನ್ನ ನೆಂದ ಕೈಲಿ ಮುಟ್ಟೋಕೆ ಹೋದ್ರೆ ಅಷ್ಟು ದೂರದಿಂದಲೇ ಬೇಡ. ತಂತಿ ಮೇಲೆ ಕೂತ ಕಾಗೆಗೂ ಒಂದ್ಸಲ ಬೇಡ ಅಂದ್ರು. ಕಾಗೆ ಎದ್ದು ಹೋಯ್ತು. ಇದೂ ನಿಜ.

ಅಷ್ಟು ವರ್ಷದಲ್ಲಿ ನಮ್ಮಲ್ಲಿ ಏನಾಯ್ತು ಕೇಳಿ. ಏನೂ ಆಗಲಿಲ್ಲ. ಅದೇ ಅವರ ಗ್ರಹಚಾರ. ಬೆಂಕಿ ಆರಿಸಿದವನಿಗೆ ಹಾರ ಹಾಕ್ತಾರೆ, ಬೆಂಕಿ ಬೀಳದ ಹಾಗೆ ನೋಡ್ಕೊಂಡವನಿಗೆ ‘ಇವನಿಗೇನು ಕೆಲಸ’ ಅಂತಾರೆ. ನನ್ನಂಥವನ ಕೈಲೂ ಅವರ ಮೇಲೆ ಒಂದು ಕತೆ ಕಟ್ಟೋಕಾಗ್ತಿರಲಿಲ್ಲ. ಕೈ ಮುರೀಲಿಲ್ಲ, ತಲೆ ಒಡೀಲಿಲ್ಲ, ಮಕ್ಕಳು ಬಂದ್ವು, ಬೆಳೆದ್ವು, ಹೋದ್ವು. ಕತೆ ಎಲ್ಲಿಂದ ತರಲಿ?

ಆಮೇಲೆ ಈ ಗೋಪುರ. ಹೂಂ, ಇದೇನೇ. ನಾಲ್ಕು ಮರದ ಕಂಬ, ಮೇಲೆ ಅಟ್ಟ, ಆ ಕಡೆ ಇಳಿಯೋಕೆ ಹಗ್ಗ. ಮಳೆಗಾಲ ಮುಗಿದ ಮೇಲೆ ಬೇಡಪ್ಪ ಮೊಣಕಾಲೂರಿ ಕೂತು ಹಿಂದಿನ ಎಡಗಡೆ ಕಂಬದ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದ್ರು. ಬ್ರೆಡ್ಡಿಗೆ ಚುಚ್ಚಿದ ಹಾಗೆ ಹಿಡಿವರೆಗೂ ಹೋಯ್ತು. ನಾನು ಪಕ್ಕದಲ್ಲೇ ಗುಂಡಿ ಹೊಲೀತಾ ಕೂತಿದ್ದೆ.

“ಹೊರಗಿಂದ ಗಟ್ಟಿ ಇದೆಯಲ್ರೀ,” ಅಂದ್ರು ಕಮಾಂಡರ್.

“ಹೊರಗಿಂದ ನಾನೂ ಗಟ್ಟಿ ಇದೀನಿ.”

ಆ ಹೊತ್ತಿಗೆ ಡಾಕ್ಟರು ಇವರಿಗೆ ಕಾಯಿಲೆ ವಿಷಯ ಹೇಳಿಯಾಗಿತ್ತಂತೆ. ನಮಗೆ ಗೊತ್ತಿರಲಿಲ್ಲ.

ಏಣಿಗೆ ಸರಪಳಿ ಸುತ್ತಿ ತಮ್ಮ ಬೀಗ ಜಡಿದ್ರು. “ಕಂಬ ಬದಲಾಯಿಸಿ. ನಾನು ನೋಡಿ ತೆಗೀತೀನಿ.”

ಕಮಾಂಡರ್ ಕಂಬ ಬದಲಾಯಿಸಲಿಲ್ಲ. ಬುಡಕ್ಕೆ ಸುತ್ತ ಸಿಮೆಂಟ್ ಮೆತ್ತಿಸಿ, ಹಸಿರು ಬಣ್ಣ ಹೊಡೆಸಿದ್ರು. ಬೇಡಪ್ಪ ಬಂದು ನೋಡಿ, “ಹುಣ್ಣಿಗೆ ಪೌಡರ್ ಹಚ್ಚಿದೀರಿ,” ಅಂದ್ರು. “ಒಳಗೆ ನೀರು ನಿಂತು ಇನ್ನೂ ಬೇಗ ಕೊಳೆಯುತ್ತೆ.” ಬೀಗ ತೆಗೀಲಿಲ್ಲ. ಅದಾದ ಮೇಲೆ ಆಸ್ಪತ್ರೆ ಸೇರಿದ್ರು. ಕೊನೆಗೆ ನರ್ಸಮ್ಮನ್ನ ಕೇಳಿದ ಮಾತು, “ಈ ಮಂಚದ ಚಕ್ರಕ್ಕೆ ಬ್ರೇಕ್ ಹಾಕಿದೀರಾ?”

*

ಚಿತಾಗಾರದ ಹೊರಗೆ ಒಂದು ಕಲ್ಲುಬೆಂಚು. ಪೆಟ್ಟಿಗೆ ಒಳಗೆ ಹೋಗಿ ಕಬ್ಬಿಣದ ಬಾಗಿಲು ಬಿದ್ದಿತ್ತು. ಕಮಾಂಡರ್ ಬಂದು, ಬೇಡಪ್ಪನವರ ಹೆಂಡತಿ ಕೂತಿದ್ರಲ್ಲ, ಆಯಮ್ಮನ ಪಕ್ಕ ಅರ್ಧ ಕುಂಡೆ ಊರಿ ಕೂತ್ರು.

“ಅಕ್ಕ, ಈ ಹೊತ್ತಲ್ಲಿ ಕೇಳಬಾರದು.”

“ಹಾಗಿದ್ರೆ ಕೇಳಬೇಡಿ.”

“ಆ ಗೋಪುರದ ಬೀಗದ ಕೈ... ಹೊಸ ಮಕ್ಕಳ ಸೇರ್ಪಡೆ ಹತ್ರ ಬಂತು. ತಂದೆತಾಯಿ ಎಲ್ಲ ಬರ್ತಾರೆ. ಗೋಪುರ ಇಲ್ಲದೆ ಏನು ತೋರಿಸಲಿ ಹೇಳಿ, ಬರೀ ಲೆಫ್ಟ್ ರೈಟಾ?”

“ಕಂಬ ಬದಲಾಯಿಸಿದ್ರಾ?”

“ಸಿಮೆಂಟ್ ಹಾಕ್ಸಿದೀನಕ್ಕ.”

“ಕಂಬ ಬದಲಾಯಿಸಿದ್ರಾ ಅಂತ ಕೇಳಿದೆ.”

“ಬೀಗದ ಕೈ ಎಲ್ಲಿದೆ ಅಕ್ಕ?”

“ಅವರ ಅಂಗಿ ಜೇಬಲ್ಲಿ.” ಆಯಮ್ಮ ಆ ಕಬ್ಬಿಣದ ಬಾಗಿಲ ಕಡೆ ಗದ್ದ ತೋರಿಸಿದ್ರು. “ಯಾರಾದ್ರೂ ಕೇಳ್ತೀರಿ ಅಂತ ಗೊತ್ತಿತ್ತು. ನಾನೇ ಇಟ್ಟೆ.”

ಕಮಾಂಡರ್ ಆ ಬಾಗಿಲನ್ನ ನೋಡಿದ ನೋಟ ಇದೆಯಲ್ಲ, ಕೈ ಹಾಕಿ ತೆಗೆದೇ ಬಿಡ್ತಾರೇನೋ ಅಂದ್ಕೊಂಡೆ.

ಆಮೇಲೆ ಎಲ್ಲರೂ ಎರಡೆರಡು ಮಾತಾಡಬೇಕು ಅಂತಾಯ್ತು. ಯಾರಿಗೂ ಏನೂ ತೋಚಲಿಲ್ಲ. “ಒಳ್ಳೆಯವರು.” “ಟೈಮಿಗೆ ಸರಿಯಾಗಿ ಬರ್ತಿದ್ರು.” ಆ ವಾಚ್‌ಮನ್ ಎದ್ದು, “ನಮ್ಮ ಲಿಫ್ಟ್ ಒಂದಿನವೂ ಬೀಳಲಿಲ್ಲ,” ಅಂತ ಹೇಳಿ ಅತ್ತುಬಿಟ್ಟ. ಒಂದಿಬ್ಬರು ಕರ್ಚೀಫ್ ಒಳಗೆ ನಕ್ಕರು.

ಕೊನೇಲಿ ಕಮಾಂಡರ್ ಎದ್ದರು. ಪರದೆ ಮಾರೋರ ನಾಲಿಗೆ ಸಾರ್, ಬಟ್ಟೆ ಬಿಚ್ಚಿದ ಹಾಗೆ ಮಾತು ಬಿಚ್ಚುತ್ತೆ. “ಜೀವನವನ್ನೇ ಮಕ್ಕಳಿಗೆ ಕೊಟ್ಟವರು. ಅವರ ನೆನಪಿಗೆ ಏನು ಮಾಡೋಣ? ನಮ್ಮ ಗೋಪುರಕ್ಕೆ ಅವರದ್ದೇ ಹೆಸರಿಡೋಣ. ಸೇರ್ಪಡೆ ದಿನ ನಮ್ಮ ಅಕ್ಕನ ಕೈಲೇ ಉದ್ಘಾಟನೆ!”

ಸಾವಿನ ಮನೆಯವರು ಚಪ್ಪಾಳೆ ತಟ್ಟಿದ್ದನ್ನ ನೀವು ನೋಡಿದೀರಾ? ನಾನು ನೋಡಿದೆ. ಹೇಳೋಕೆ ಮಾತೇ ಸಿಗದೆ ಒದ್ದಾಡ್ತಿದ್ದವರಿಗೆ ಏನೋ ಒಂದು ಸಿಕ್ತಲ್ಲ, ಕಣ್ಣಲ್ಲಿ ನೀರು ಹಾಕ್ಕೊಂಡು ತಟ್ಟಿದ್ರು.

“ಅವರು ಬೇಡ ಅಂದದ್ದಕ್ಕೇ ಅವರ ಹೆಸರಿಡ್ತೀರಾ?” ಅಂದ್ರು ಆಯಮ್ಮ. ಚಪ್ಪಾಳೇಲಿ ಅದು ಕೇಳಿಸಿದ್ದು ನನಗೊಬ್ಬನಿಗೇ.

ಅವತ್ತೇ ಸಂಜೆ, ಚಿತಾಗಾರಕ್ಕೆ ಬಂದಿದ್ದ ಅದೇ ಬಿಳಿ ಅಂಗೀಲಿ, ಕಮಾಂಡರ್ ಕಬ್ಬಿಣ ಕತ್ತರಿಸೋ ಕತ್ತರಿ ಹಿಡಿದು ಮೈದಾನಕ್ಕೆ ಬಂದ್ರು. ಬೀಗ ಗಟ್ಟಿ ಇತ್ತು. ಕತ್ತರಿ ಹಿಡಿಗೆ ಇಬ್ಬರು ನೇತಾಡಬೇಕಾಯ್ತು.

“ಯಾರಾದ್ರೂ ಬಲ್ಲವರು ಬಂದು ನೋಡಲಿ ಸಾರ್, ಆಮೇಲೆ ತೆಗೀರಿ,” ಅಂತ ಕತ್ತರಿ ಹಾಕೋ ಮುಂಚೆಯೇ ಅಂದಿದ್ದೆ ನಾನು.

“ಶುರು ಮಾಡ್ದ ನೋಡ್ರಪ್ಪ ಟೈಲರ್! ಈ ಸಲ ಕಂಬದೊಳಗೆ ಏನು, ಮೊಸಳೆನಾ?”

ಎಲ್ಲರೂ ನಕ್ಕರು. ನನ್ನ ಮಾತಿಗೆ ಜನ ಯಾವಾಗಲೂ ನಗ್ತಾರೆ, ಅದೇ ನನ್ನ ಗೌರವ ಅಂದ್ಕೊಂಡಿದ್ದೆ.

*

ಇವತ್ತು ಬೆಳಿಗ್ಗೆ ನೀವು ತಡವಾಗಿ ಬಂದ್ರಿ, ಉದ್ಘಾಟನೆ ನೋಡಲಿಲ್ಲ. ಮುಂದಿನ ಕುರ್ಚೀಲಿ ಹೂಗುಚ್ಛ ಹಿಡ್ಕೊಂಡು ಕೂತಿದಾರಲ್ಲ, ಅವರೇ ಬೇಡಪ್ಪನವರ ಹೆಂಡತಿ. ರಿಬ್ಬನ್ ಕತ್ತರಿಸೋಕೆ ಒಪ್ಪಲಿಲ್ಲ. ಎರಡು ಮಾತಾದ್ರೂ ಆಡಿ ಅಂತ ಮೈಕ್ ಕೊಟ್ರು. ಆಯಮ್ಮ ಗೋಪುರ ನೋಡಿದ್ರು, ಸಾಲಲ್ಲಿ ನಿಂತ ಮಕ್ಕಳನ್ನ ನೋಡಿದ್ರು, ಮೈಕ್ ಎರಡೂ ಕೈಲಿ ಹಿಡ್ಕೊಂಡು, “ಬೇಡ” ಅಂದ್ರು.

ಮೈದಾನ ಎದ್ದು ಕುಣೀತು ಸಾರ್! ಹಳೇ ಕೆಡೆಟ್‌ಗಳೆಲ್ಲ ಶಿಳ್ಳೆ ಹೊಡೆದ್ರು. ಗಂಡನ ನೆನಪಿಗೆ ಗಂಡನ ಮಾತನ್ನೇ ಹೇಳಿದ್ರು ಅಂತ! ಆಯಮ್ಮ ಇನ್ನೊಂದ್ಸಲ “ಬೇಡ” ಅಂದ್ರು, ಇನ್ನೂ ಜೋರಾಗಿ ಕುಣೀತು. ಕಮಾಂಡರ್ ಕಣ್ಣೊರೆಸ್ಕೊಂಡು ಮೈಕ್ ಇಸ್ಕೊಂಡ್ರು. ಅವಾಗಿಂದ ಆಯಮ್ಮ ಹಾಗೇ ಕೂತಿದಾರೆ.

ನೀವು ಹೊಸಬರು ಅಂತ ನಿಮಗೆ ಹೇಳ್ತಿದೀನಿ. ಮಗಳನ್ನ ಸಾಲಿಂದ ಕರ್ಕೊಳ್ಳಿ. ಹೊಟ್ಟೆನೋವು ಅನ್ನಿ. ಮನೇಲಿ ಯಾರೋ ಬಿದ್ರು ಅನ್ನಿ. ಸುಳ್ಳು ಬೇಕಾದ್ರೆ ನಾನೇ ಕೊಡ್ತೀನಿ, ನನ್ನ ಹತ್ರ ಬೇಕಾದಷ್ಟಿವೆ. ಆ ಎಡಗಡೆ ಕಂಬ ನೋಡಿ, ಸಿಮೆಂಟಿಗೂ ಮರಕ್ಕೂ ನಡುವೆ ಆಗಲೇ ಬೆರಳು ಹೋಗುವಷ್ಟು... ಅವಳ ಸರದಿ ಬಂದೇ ಬಿಡ್ತಾ? ಸಾರ್? ಫೋಟೋ ಆಮೇಲೆ ತೆಗೀಬಹುದು ಸಾರ್, ಅವಳಿನ್ನೂ ಅರ್ಧ ಏಣೀಲಿದಾಳೆ ಅಷ್ಟೇ, ಈಗ ಕೂಗಿದ್ರೂ ಇಳಿದು—