ಹೆಬ್ಬೆರಳು ಒಪ್ಪುವ ಪಂಪು

ನಮ್ಮ ಮನೆಯಲ್ಲೊಂದು ಕಾನೂನು ಇತ್ತು. ಸೇತುವೆ ದಾಟಿ ಸೈಕಲ್ಲಲ್ಲಿ ಹೋಗಬೇಕು ಅನ್ನುವವರು ಮೊದಲು ಅಪ್ಪನ ಕಣ್ಣೆದುರು ಒಂದು ಪಂಕ್ಚರ್ ಹಾಕಿ ತೋರಿಸಬೇಕು. ತೂತು ಹುಡುಕಿ, ಪ್ಯಾಚ್ ಅಂಟಿಸಿ, ಗಾಳಿ ಹೊಡೆದು, ಸೈಕಲ್ಲನ್ನ ಅವನ ಮುಂದೆ ತಂದು ನಿಲ್ಲಿಸಬೇಕು. ಅವನು ಬಾಗಿಲ ಮೆಟ್ಟಿಲ ಮೇಲೆ ಕೂತು ಟೈರಿನ ಮೇಲೆ ಬಲಗೈ ಹೆಬ್ಬೆರಳು ಒತ್ತುತ್ತಿದ್ದ. ಬೆರಳು ಒಳಗೆ ಹೋಯಿತೋ, ಸೇತುವೆ ಈಚೆಗೇ ಇರು. ಹೋಗಲಿಲ್ಲವೋ, ದಾರಿ ನಿನ್ನದು. ಅತ್ತು ಕರೆದು ಮಾಡಿದರೆ ಕೇಳುವ ಪೈಕಿ ಅಲ್ಲ ಅವನು.

ಅಪ್ಪ ನೀರಿನ ಮೀಟರ್ ಓದುವ ಕೆಲಸದಲ್ಲಿದ್ದ. ದಿನವಿಡೀ ಸೈಕಲ್ ಮೇಲೆ ಬೀದಿ ಬೀದಿ ಅಲೆದು, ಜನರ ಅಂಗಳದ ಮುಚ್ಚಳ ಎತ್ತಿ ಬಗ್ಗಿ ನೋಡುವುದು. ಸೇತುವೆ ಈಚೆ ಬೀದಿಗೊಂದು ಸೈಕಲ್ ಅಂಗಡಿ. ಆಚೆ ಬಹುದೂರ ಬರೀ ಕಾಲುವೆ ದಾರಿ, ಜೊಂಡು, ಕಲ್ಲು. ಕೂಗಿದರೆ ಓ ಅನ್ನುವವರಿಲ್ಲ. ಅಲ್ಲಿ ಚಕ್ರ ಕೂತರೆ ಸೈಕಲ್ಲನ್ನ ತಳ್ಳಿಕೊಂಡೇ ಬರಬೇಕು, ಅದಕ್ಕೇ ಈ ಕಾನೂನು.

ಅಮ್ಮನಿಗೂ ರಿಯಾಯಿತಿ ಇರಲಿಲ್ಲ. ಸೇತುವೆ ಆಚೆಯ ಶಾಲೆಯ ಆಫೀಸಿನಲ್ಲಿ ಕೆಲಸ ಸಿಕ್ಕಿದಾಗ ಅವಳೂ ಸೆರಗು ಸಿಕ್ಕಿಸಿಕೊಂಡು ಕೂತಳು. ಮೊದಲ ಸಲ ಅಪ್ಪನ ಬೆರಳು ಸ್ವಲ್ಪ ಒಳಗೆ ಹೋಯಿತು. "ಸಾಲದು," ಅಂದ, ಕಟ್ಟಿಕೊಂಡ ಹೆಂಡತಿ ಅಂತಲೂ ನೋಡದೆ. ಅಮ್ಮ ಮಾತು ಬಿಟ್ಟಳು. ಉಪ್ಪು ಬೇಕಾದರೂ ನನ್ನ ಮೂಲಕವೇ ವ್ಯವಹಾರ. ಆಮೇಲೊಂದು ದಿನ ತಾನೇ ಟೈರು ಬಿಚ್ಚಿ, ಪ್ಯಾಚ್ ಹಾಕಿ, ಅವನನ್ನ ಮೆಟ್ಟಿಲ ಮೇಲೆ ಕೂರಿಸಿ, ಅವನ ಮೂಗಿನ ಕೆಳಗೇ ಗಾಳಿ ಹೊಡೆದಳು. ಹೊಡೆದಳು ಅಂದರೆ ಎಂಥಾ ಹೊಡೆತ, ಎಷ್ಟು ದಿನದ ಸಿಟ್ಟೋ ಏನೋ, ಟ್ಯೂಬು ಢಬ್ ಅಂತ ಒಡೆದೇ ಹೋಯಿತು. "ಪಾಸು," ಅಂದ ಅಪ್ಪ ಕಿವಿ ಉಜ್ಜಿಕೊಳ್ಳುತ್ತಾ. ಅಮ್ಮ ನಕ್ಕದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಆ ಕಾಲದ ಪಂಪು ಉಕ್ಕಿನದು, ಮೊಳದುದ್ದ. ಸೈಕಲ್ಲಿನ ನಡುಗೊಳವೆಗೆ ಸಿಕ್ಕಿಸಿಕೊಂಡೇ ಇರುತ್ತಿತ್ತು. ಒಳಗೊಂದು ಚರ್ಮದ ವಾಷರ್. ಬೇಸಿಗೆಯಲ್ಲಿ ಅದು ಒಣಗಿ ಸೆಟೆದುಕೊಂಡರೆ ಪಂಪು ಬರೀ ನಿಟ್ಟುಸಿರು ಬಿಡುತ್ತಿತ್ತೇ ಹೊರತು ಗಾಳಿ ಹೋಗುತ್ತಿರಲಿಲ್ಲ. ಅಪ್ಪ ಅದನ್ನ ಬಿಚ್ಚಿ, ಒಂದು ತೊಟ್ಟು ಎಣ್ಣೆ ಬಿಟ್ಟು, ಚರ್ಮದ ಅಂಚನ್ನ ಬೆರಳಲ್ಲಿ ಅಗಲಿಸಿ ಕೂರಿಸುತ್ತಿದ್ದ. ಮತ್ತೆ ಜೀವ ಬರುತ್ತಿತ್ತು. ಗಾಳಿ ಹೊಡೆಯುತ್ತಾ ಹೋದ ಹಾಗೆ ಕೊಳವೆ ಬಿಸಿಯಾಗುತ್ತಿತ್ತು. ಚಳಿಗಾಲದ ಬೆಳಿಗ್ಗೆ ನಾನು ಅದನ್ನ ಕಸಿದುಕೊಂಡು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದೆ. ಎಣ್ಣೆ, ರಬ್ಬರು, ಬಿಸಿ ಕಬ್ಬಿಣ ಮೂರೂ ಸೇರಿದ ವಾಸನೆ. ಈಗ ಎಲ್ಲೂ ಸಿಗುವುದಿಲ್ಲ ಅದು, ನಾನು ಹುಡುಕಿ ನೋಡಿದ್ದೇನೆ.

ನಾನು ಪಾಸಾದ ದಿನ ಕಾಲುವೆ ದಾರಿಯಲ್ಲಿ ಒಬ್ಬಳೇ ಹೋದೆ. ಹಾಡು ಬರದಿದ್ದರೂ ಹಾಡಿಕೊಂಡು ಹೋದೆ. ಆ ದಾರಿಯ ಕೊನೆಯಲ್ಲಿ ಅತ್ತೆಯ ಮನೆ, ಅಪ್ಪನ ಅಕ್ಕ. ಅವಳು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದವಳು, "ಪರವಾಗಿಲ್ವೇ, ನಿಮ್ಮಪ್ಪ ಬಿಟ್ಟನಾ ನಿನ್ನ," ಅಂದಳು. ಅಂಥ ಸುಖ ಆಮೇಲೆ ಕಂಡದ್ದು ಕಡಿಮೆ.

ಇದೆಲ್ಲ ಯಾಕೆ ನೆನಪಾಯಿತು ಅಂದರೆ, ಹೋದ ವರ್ಷ ಅಪ್ಪ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡ. ಅಮ್ಮ ತೀರಿಹೋಗಿ ಆಗಲೇ ಎಷ್ಟೋ ಕಾಲವಾಗಿತ್ತು. ಮನೆಯಲ್ಲಿ ನಾನು, ಅವನು, ನನ್ನ ಹೊಲಿಗೆ ಮೆಷಿನ್ನು. ಮೂಳೆ ಕೂಡಿತು, ಬಲ ಬರಲಿಲ್ಲ. ವಾರಕ್ಕೊಮ್ಮೆ ಅಕ್ಕನ ಮನೆಗೆ ಸೈಕಲ್ಲಲ್ಲಿ ಹೋಗುತ್ತಿದ್ದವನು ಮನೆ ಹಿಡಿದ. ಅತ್ತೆಗೆ ಕಿವಿ ಪೂರಾ ಮಂದ, ಫೋನು ಮಾಡಿದರೆ ಯಾರು ಯಾರು ಅಂತ ಕೇಳಿ ಇಟ್ಟುಬಿಡುತ್ತಾಳೆ. ಎದುರೆದುರು ಕೂತರೆ ಮಾತ್ರ ಅವರಿಬ್ಬರ ಮಾತು.

ಒಂದು ಸಲ ನನ್ನ ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೋದೆ. ಗೇಟಿನಲ್ಲೇ ಅತ್ತೆ ಕೇಳಿದಳು, "ಏನೋ, ಮಗಳು ನಿನ್ನ ಹೊತ್ಕೊಂಡು ಬಂದಳಾ?" ತಮಾಷೆಗೇ ಅಂದದ್ದು. ಅಪ್ಪ ನಕ್ಕ. ಮನೆಗೆ ಬಂದ ಮೇಲೆ, "ಇನ್ನೊಂದ್ಸಲ ನಾನು ಹಾಗೆ ಬರಲ್ಲ. ನಾನೇನು ಪಾರ್ಸಲ್ಲಾ?" ಅಂದ. ಅಲ್ಲಿಗೆ ಅದೂ ನಿಂತಿತು.

ಈ ಬೇಸಿಗೆ ಮುಗಿಯುವ ಹೊತ್ತಿಗೆ ಶುರು ಮಾಡಿದ. "ಸೈಕಲ್ ಹೊಡೀಬಹುದು ಅಂತ ಡಾಕ್ಟರ್ ಹೇಳಿದ್ದಾರೆ. ನಾನು ಅಕ್ಕನ ಮನೆಗೆ ಹೋಗ್ತೀನಿ."

"ಡಾಕ್ಟರ್‌ಗೇನು, ಹೇಳಿ ಹೋಗ್ತಾರೆ. ದಾರೀಲಿ ಚಕ್ರ ಕೂತ್ರೆ ಯಾರು ಬರ್ತಾರೆ?"

"ನಾನೇ ಹಾಕ್ಕೊಳ್ತೀನಿ."

"ಆ ಕೈಯಲ್ಲಾ? ಸರಿ, ಹಾಕಿ ತೋರಿಸು. ಕಾನೂನು ಕಾನೂನೇ." ಇದನ್ನ ಹೇಳುವಾಗ ನನಗೆ ಒಳಗೊಳಗೇ ಧೈರ್ಯವಿತ್ತು. ಪ್ಯಾಚ್ ಏನೋ ಅಂಟಿಸಿಯಾನು, ಗಾಳಿ ಹೊಡೆಯುವುದು ಆ ಕೈಗೆ ಆಗದ ಮಾತು ಅಂತ. ಅವನೋ, ನಾನು ಮಿಠಾಯಿ ಕೊಡಿಸಿದೆನೇನೋ ಅನ್ನುವ ಹಾಗೆ ಮುಖ ಅರಳಿಸಿ, "ಅದಕ್ಕೇನು, ಒಂದು ಒಳ್ಳೇ ಪಂಪು ಬೇಕು ಅಷ್ಟೆ," ಅಂದ. ಉಕ್ಕಿನ ಪಂಪಿನ ಮೇಲೆ ಯಾವಾಗಲೋ ನನ್ನ ಸ್ಕೂಟರೇ ಬಿದ್ದು ಅದು ನೆಗ್ಗಿಹೋಗಿತ್ತು.

ಸೈಕಲ್ ತಳ್ಳಿಕೊಂಡೇ ಅಂಗಡಿಗೆ ಹೋದೆವು. ಅಂಗಡಿಯವನು ದಪ್ಪ ಮನುಷ್ಯ, ಸಮಾಧಾನಿ. ಗಾಜಿನ ಮೇಲೆ ಸಾಲಾಗಿ ಪಂಪು ಹರಡಿದ. ಮೊದಲನೆಯದು ಪಂಪೇ ಅಲ್ಲ, ಗ್ಯಾಸು ತುಂಬಿದ ಪುಟ್ಟ ಡಬ್ಬಿ. ಒತ್ತಿದರೆ ಬುಸ್ ಅಂತ ಟೈರು ತುಂಬುತ್ತದಂತೆ.

"ಆಮೇಲೆ?" ಅಂತ ಕೇಳಿದ ಅಪ್ಪ.

"ಆಮೇಲೆ ಡಬ್ಬಿ ಖಾಲಿ. ಎಸೀಬೇಕು."

"ಪ್ಯಾಚ್ ಸರಿಯಾಗಿ ಕೂರದೆ ಗಾಳಿ ಹೋದ್ರೆ?"

ಅಂಗಡಿಯವನು ಡಬ್ಬಿಯನ್ನ ಸದ್ದಿಲ್ಲದೆ ವಾಪಸ್ ಇಟ್ಟ. ಎರಡನೆಯದು ಬ್ಯಾಟರಿಯದು. ಗುಂಡಿ ಒತ್ತಿ ಸುಮ್ಮನೆ ಕೂತರೆ ಸಾಕು. ನನಗೆ ಅದೇ ಸರಿ ಅನಿಸಿತು. ಅಪ್ಪ ಕೈಯಲ್ಲೂ ಹಿಡಿಯಲಿಲ್ಲ. "ಚಾರ್ಜ್ ಹಾಕೋದು ಮರೆತ್ರೆ ಇದು ಇಟ್ಟಿಗೆ. ನನಗೋ, ಕನ್ನಡಕ ಹಾಕ್ಕೊಂಡೇ ಕನ್ನಡಕ ಹುಡುಕೋ ಅಭ್ಯಾಸ." ನಿಜವೇ, ಹಿಂದಿನ ದಿನವೇ ಹುಡುಕಿಕೊಟ್ಟಿದ್ದೆ.

ಉಳಿದದ್ದು ಕೈಪಂಪುಗಳು. ಅಪ್ಪ ಹಿಂದಿನ ಚಕ್ರದ ಗಾಳಿ ಪೂರ್ತಿ ಬಿಟ್ಟು, ಅಂಗೈಯಗಲದ ಒಂದನ್ನ ಟ್ಯೂಬಿನ ಮೂತಿಯ ವಾಲ್‌ಗೆ ಸಿಕ್ಕಿಸಿ ಹೊಡೆಯತೊಡಗಿದ. ಸಿಳ್ಳೆ ಹೊಡೆದ ಹಾಗೆ ಸಣ್ಣ ಸದ್ದು. ಒಂದೊಂದು ಹೊಡೆತಕ್ಕೂ ವಾಲ್ ಅತ್ತಿತ್ತ ಅಲ್ಲಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ನಿಲ್ಲಿಸಿ, ಹೆಬ್ಬೆರಳು ಒತ್ತಿ ನೋಡಿದ. "ಗಟ್ಟಿ," ಅಂದ. ಅಂಗಡಿಯವನು ಹುಬ್ಬು ಹಾರಿಸಿದ. ಇಷ್ಟು ಬೇಗನಾ ಅಂತ ನನಗೂ ಆಶ್ಚರ್ಯ. ಗಾಳಿ ಬಿಟ್ಟು ಇನ್ನೊಂದು ಪಂಪಿನಲ್ಲಿ ಹೊಡೆದ. ಅದೂ ಗಟ್ಟಿ. ಮತ್ತೊಂದು. ಅದೂ. ಅಪ್ಪ ಉಬ್ಬಿಹೋದ. "ಎಂಥಾ ಚೆನ್ನಾಗಿ ಮಾಡ್ತಾರೆ ನೋಡು ಈಗ. ನಾವು ಸುಮ್ನೆ ಆ ಉಕ್ಕಿನ ದೊಣ್ಣೆ ಹೊತ್ಕೊಂಡು ಓಡಾಡಿದ್ವಿ. ಮೊದಲ್ನೇದೇ ಕೊಡಪ್ಪ, ಜೇಬಿಗೆ ಹಿಡಿಸುತ್ತೆ."

ನಾನು ಸೈಕಲ್ ಹಿಡಿದು ನಿಂತಿದ್ದವಳು, ಕೈ ಸುಮ್ಮನಿರದೆ ಟೈರನ್ನ ಒತ್ತಿದೆ. ಕಲಸಿದ ಹಿಟ್ಟಿನ ಹಾಗೆ ಬೆರಳು ಒಳಗಿಳಿದು ರಿಮ್ಮಿಗೆ ತಾಗಿತು. ಟೈರು ಮೆತ್ತಗೇ ಇತ್ತು; ಅದನ್ನ ಒತ್ತುವ ಬಲ ಅಪ್ಪನ ಬೆರಳಿಗೆ ಇರಲಿಲ್ಲ. ಅಂಗಡಿಯವನೂ ನೋಡಿದ. ನೋಡಿ, ಆ ಕಡೆ ತಿರುಗಿ ಬೆಲ್ಲುಗಳನ್ನ ಒರೆಸತೊಡಗಿದ. ಒಳ್ಳೇ ಮನುಷ್ಯ.

ಸುಮ್ಮನಿದ್ದುಬಿಡೋಣ ಅನಿಸಿತು. ಆದರೆ ಆ ಗಾಳಿಯಲ್ಲಿ ಕಾಲುವೆ ದಾರಿ ಹಿಡಿದರೆ ಮೊದಲ ಕಲ್ಲಿಗೇ ಟ್ಯೂಬು ರಿಮ್ಮಿನಡಿ ಕಚ್ಚಿಕೊಂಡು ಹರಿಯುತ್ತದೆ. "ಅಪ್ಪ, ಇದು ಬೇಡ," ಅಂದೆ.

"ಯಾಕೆ? ಗಟ್ಟಿಯಾಗಿದೆಯಲ್ಲ."

"ಗಟ್ಟಿಯಾಗಿಲ್ಲಪ್ಪ."

"ಹುಚ್ಚಿ," ಅಂತ ಮತ್ತೆ ಒತ್ತಿದ. ನನ್ನ ಮುಖ ನೋಡಿದ. ಆಮೇಲೆ ಎಡಗೈ ಹೆಬ್ಬೆರಳು ಇಟ್ಟು ಒತ್ತಿದ. ಇಷ್ಟು ವರ್ಷದಲ್ಲಿ ಅವನು ಎಡಗೈ ಇಟ್ಟದ್ದನ್ನ ನಾನು ನೋಡಿರಲೇ ಇಲ್ಲ. ಅದು ಸಲೀಸಾಗಿ ಒಳಗೆ ಹೋಯಿತು. ಅಪ್ಪ ಎರಡೂ ಬೆರಳುಗಳನ್ನ ಮುಖದ ಹತ್ತಿರ ಹಿಡಿದು, ಯಾರದೋ ಬೆರಳು ಅನ್ನುವಂತೆ ನೋಡುತ್ತಾ ನಿಂತ. ಮನೆಗೆ ಹೋಗೋಣ ಅನ್ನುತ್ತಾನೆ, ಮುಗಿಯಿತು ಅಂದುಕೊಂಡೆ.

ಅವನು ಗಂಟಲು ಸರಿಮಾಡಿಕೊಂಡ. "ಪರೀಕ್ಷೆ ಬರೆಯೋನೇ ಪೇಪರ್ ತಿದ್ದಬಾರದು. ಇನ್ಮೇಲೆ ನೀನು ಒತ್ತು," ಅಂದ. ಅಂಗಡಿಯವನ ಕಡೆ ತಿರುಗಿ, "ಕೈಯಲ್ಲಿ ಬಲ ಇಲ್ಲಪ್ಪ. ಮೈಯಲ್ಲಿ ಇದೆ. ಮೈಭಾರ ಹಾಕೋಕಾಗೋಂಥದ್ದು ಇದೆಯಾ?"

ಅವನು ಒಳಗಿಂದ ಇನ್ನೊಂದು ತಂದ. ಮೊಳಕ್ಕಿಂತ ಗಿಡ್ಡ. ಬುಡದಲ್ಲಿ ಮಡಚುವ ಪುಟ್ಟ ಪಾದ, ಅದನ್ನ ಬಿಚ್ಚಿ ನೆಲಕ್ಕಿಟ್ಟು ಕಾಲಲ್ಲಿ ತುಳಿದುಕೊಳ್ಳಬಹುದು. ವಾಲ್ ಅಲ್ಲಾಡದ ಹಾಗೆ ನಡುವೆ ರಬ್ಬರ್ ಪೈಪು. ಹಿಡಿ ಅಡ್ಡಡ್ಡ, ಅಂಗೈ ಬುಡ ಊರಿ ಬಗ್ಗಿದರೆ ಇಡೀ ಮೈ ಪಂಪಿನ ಮೇಲೆ. ಅಪ್ಪ ಹೊಡೆದು ನಿಲ್ಲಿಸಿದಾಗೆಲ್ಲ ನಾನು ಒತ್ತಿದೆ. "ಇನ್ನೂ," ಅಂದೆ. "ಇನ್ನೂ." ಅವನ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕಿತು. ಆಮೇಲೆ ಬೆರಳು ಹೋಗಲಿಲ್ಲ. ಅದನ್ನೇ ತಂದೆವು.

ಮಾರನೆಯ ಬೆಳಿಗ್ಗೆ ನನ್ನ ಹೊಲಿಗೆ ಸೂಜಿಯಿಂದಲೇ ಟ್ಯೂಬಿಗೆ ತೂತು ಮಾಡಿ, ಮೆಟ್ಟಿಲ ಮೇಲೆ ಕೂತೆ. ಮೊದಲ ಸಲ ನಾನು ಅಲ್ಲಿ, ಅವನು ಕೆಳಗೆ. ಟ್ಯೂಬು ಮುಳುಗಿಸಿ ಗುಳ್ಳೆ ನೋಡಲು ದಾರಿಯಲ್ಲಿ ಬಕೆಟ್ಟು ಎಲ್ಲಿಂದ ಬರಬೇಕು. ಅಪ್ಪ ಟ್ಯೂಬನ್ನ ಹೊರಗೆಳೆದು, ಒಂದಿಷ್ಟು ಗಾಳಿ ಹೊಡೆದು, ಮೇಲ್ದುಟಿಗೆ ಹಿಡಿದು ಸುತ್ತ ಸರಿಸುತ್ತಾ ಬಂದ. ಒಂದು ಕಡೆ ನಿಂತ. ಗಾಳಿ ತುಟಿಗೆ ತಾಗಿತ್ತು. ಉಜ್ಜಿದ, ಸೊಲ್ಯೂಷನ್ ಹಚ್ಚಿದ, ಅದು ಒಣಗಲಿ ಅಂತ ಕಾದ. ಪ್ಯಾಚ್ ಕೈಜಾರಿ ಮಣ್ಣಿಗೆ ಬಿತ್ತು. ನಾನು ಏಳಹೋದೆ. "ಕೂತ್ಕೋ," ಅಂದ. ಕೂತೆ. ಬೇರೆ ಪ್ಯಾಚ್ ತೆಗೆದು ಅಂಟಿಸಿದ. ಟೈರಿನ ಅಂಚು ಒಳಗೆ ತಳ್ಳುವಾಗ ಆ ಮಣಿಕಟ್ಟು ಸೋತು ಸೋತು ಮತ್ತೆ ಒತ್ತುತ್ತಿದ್ದದ್ದನ್ನ ನೋಡಲಾಗಲಿಲ್ಲ, ಆದರೂ ನೋಡಿದೆ. ಪಂಪಿನ ಪಾದ ತುಳಿದು, ಮೈಯೆಲ್ಲ ಬಗ್ಗಿಸಿ ಹೊಡೆದ. ನಿಂತು ಉಸಿರು ತಗೊಂಡು ಮತ್ತೆ ಹೊಡೆದ. ಆಮೇಲೆ ಸೈಕಲ್ಲನ್ನ ತಂದು ನನ್ನೆದುರು ನಿಲ್ಲಿಸಿದ.

ಒತ್ತಿದೆ. ಕಲ್ಲಿನ ಹಾಗಿತ್ತು.

ಸಾಲದು ಅನ್ನಬಹುದಿತ್ತು. ಒಂದೇ ಮಾತು. ಅವನು ಎದುರಾಡುತ್ತಿರಲಿಲ್ಲ, ಕಾನೂನು ಅವನದೇ. ಸೈಕಲ್ಲನ್ನ ಗೋಡೆಗೆ ಒರಗಿಸಿ ಒಳಗೆ ಬರುತ್ತಿದ್ದ, ಸಂಜೆ ನಾವಿಬ್ಬರೂ ರೇಡಿಯೋ ಕೇಳುತ್ತಾ ಕೂರುತ್ತಿದ್ದೆವು. ಬೀಳುವುದಿಲ್ಲ, ಮುರಿಯುವುದಿಲ್ಲ, ಕಾಲುವೆ ದಾರಿಯಲ್ಲಿ ಒಬ್ಬನೇ ಎಲ್ಲೋ ಕೂತಿರುವುದಿಲ್ಲ. ನನಗೆ ಭಯವಾಗಿತ್ತು, ಬೇರೇನಲ್ಲ. ಬೆರಳು ತೆಗೆಯಲು ಮನಸ್ಸೇ ಬರಲಿಲ್ಲ. ಹಾಗೆ ಒತ್ತಿಕೊಂಡೇ ಇದ್ದಾಗ ಗೊತ್ತಾಯಿತು, ಅಪ್ಪನೂ ನನ್ನ ಟೈರಿನ ಮೇಲೆ, ಅಮ್ಮನ ಟೈರಿನ ಮೇಲೆ, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಬೆರಳಿಟ್ಟಿರುತ್ತಿದ್ದ. ಅದು ಗಾಳಿ ನೋಡುವುದಕ್ಕಲ್ಲ.

"ಹೇಳೇ," ಅಂದ ಅಪ್ಪ. ಕೂದಲು ಹಣೆಗಂಟಿತ್ತು. ಪರೀಕ್ಷೆಯ ಫಲಿತಾಂಶಕ್ಕೆ ನಿಂತ ಹುಡುಗನ ಮುಖ.

ಬೆರಳು ತೆಗೆದೆ. "ಗಟ್ಟಿಯಾಗಿದೆ. ದಾರಿ ನಿನ್ನದು."

ಕೈ ತೊಳೆದು, ಬೇರೆ ಅಂಗಿ ಹಾಕಿಕೊಂಡು ಬಂದ. ಹತ್ತುವಾಗ ಸ್ವಲ್ಪ ವಾಲಾಡಿದ, ಆಮೇಲೆ ನೆಟ್ಟಗಾದ. ಹುಷಾರು, ನಿಧಾನ, ಎಷ್ಟು ಹೊತ್ತಿಗೆ ಬರ್ತೀಯ, ಎಲ್ಲ ನಾಲಿಗೆ ತುದಿಗೆ ಬಂದಿತ್ತು. ಅವನು ನನಗೆ ಯಾವತ್ತೂ ಅವನ್ನ ಹೇಳಿದವನಲ್ಲ. ನಾನೂ ಹೇಳಲಿಲ್ಲ. ಅವನು ಸೇತುವೆ ದಾಟಿ ಕಾಣದಾಗುವವರೆಗೂ ನಿಂತಿದ್ದು, ಮೆಟ್ಟಿಲ ಮೇಲೆ ಕೂತು ಚೆನ್ನಾಗಿ ಅತ್ತುಬಿಟ್ಟೆ.