ಎಂಟು ನಿಮಿಷ ಸುಮ್ಮನೆ

ಇವತ್ತು ನನಗೆ ತಲೆನೋವಿಲ್ಲ, ನಿನ್ನೆಯೂ ಇರಲಿಲ್ಲ, ಮೊನ್ನೆಯೂ ಇರಲಿಲ್ಲ, ಮೂರು ದಿನ ಇಲ್ಲದಿದ್ದರೆ ಮಾತ್ರ ಮೆದುಳಿನ ಚಿತ್ರ ತೆಗೆಯುವ ಈ ಕೊಳವೆಯೊಳಗೆ ಬಿಡುತ್ತಾರೆ — ಕಣ್ಣಿನ ಮೇಲೆ ಪುಟ್ಟ ಕನ್ನಡಿ, ಕನ್ನಡಿಯಲ್ಲಿ ಕಪ್ಪು ಪರದೆ, ಪರದೆಯ ನಡುವೆ ಒಂದು ಬಿಳಿ ಕೂಡು ಗುರುತು, ಅದನ್ನೇ ನೋಡ್ತಿರಿ ಅಮ್ಮಾ, ಏನೂ ಯೋಚ್ನೆ ಮಾಡ್ಬೇಡಿ, ನಿದ್ದೆನೂ ಮಾಡ್ಬೇಡಿ, ಎಂಟೇ ನಿಮಿಷ, ಎಂದಳು ಹ್ಯೊಜು, ಯಂತ್ರ ನಡೆಸುವ ಹುಡುಗಿ, ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು, ಉಗುರಿಗೆ ಬಣ್ಣ. ಏನೂ ಯೋಚನೆ ಮಾಡಬೇಡ ಎಂದರೆ ಯಾರಿಗೆ ಆಗುತ್ತದೆ, ಅವಳೇ ಒಮ್ಮೆ ಮಲಗಿ ನೋಡಲಿ. ತಲೆಗೆ ಪಂಜರ, ಕಿವಿಗೆ ಬೆಂಡು, ಎದೆಗೆ ಪಟ್ಟಿ, ಬಲಗೈಯಲ್ಲಿ ರಬ್ಬರ್ ಚೆಂಡು, ಗಾಬರಿಯಾದರೆ ಒತ್ತಬೇಕಂತೆ. ನನಗ್ಯಾತರ ಗಾಬರಿ, ಇಪ್ಪತ್ತು ವರ್ಷ ಉಸಿರು ಬಿಗಿಹಿಡಿದು ಮುಳುಗಿ, ಚಿಪ್ಪು ಹೆಕ್ಕಲು ಕಡಲಿನ ತಳದಲ್ಲಿ ಬಂಡೆ ಸಂದಿಗೆ ತಲೆ ತೂರಿಸಿದವಳು, ಈ ಕೊಳವೆ ಅದಕ್ಕಿಂತ ಅಗಲವಾಗಿದೆ, ಒಣಗಿಯೂ ಇದೆ. ಇವತ್ತು ಬೆಳಗ್ಗೆಯಿಂದ ಇದು ಮೂರನೆಯ ಸಲ, ಇದೇ ಕೊನೆ, ಹನ್ನೆರಡಕ್ಕೆ ಬೇರೆ ರೋಗಿ ಇದ್ದಾರೆ, ತಲೆನೋವಿನ ಮದ್ದಿನ ಅಧ್ಯಯನಕ್ಕೆ ಜನ ಸೇರಿಸಿಕೊಳ್ಳುವುದು ಇವತ್ತಿಗೆ ಮುಗಿಯಿತು, ಚಿತ್ರ ಸರಿಯಾಗಿ ಬಂದರೆ ತಿಂಗಳಿಗೊಂದರಂತೆ ಆರು ಚುಚ್ಚುಮದ್ದು, ಬರದಿದ್ದರೆ ಬಸ್ಸು ಹತ್ತಿ ಊರಿಗೆ. ಇದಕ್ಕೆ ಮುಂಚೆ ಎರಡು ದಿನ ಬಂದಾಗ ತಲೆ ಸಿಡಿಯುತ್ತಿತ್ತು, ಅಯ್ಯೋ ಇವತ್ತು ನೋವಿದೆಯಲ್ಲ, ನೋವಿಲ್ಲದ ದಿನ ಬನ್ನಿ ಎಂದರು, ತಲೆನೋವಿನ ವಿಭಾಗದಿಂದ ತಲೆನೋವಿದೆ ಎಂದು ಹೊರಗೆ ಹಾಕಿಸಿಕೊಂಡವಳು ಈ ದ್ವೀಪದಲ್ಲಿ ನಾನೊಬ್ಬಳೇ ಇರಬೇಕು, ಜೆಜು ಪೇಟೆಯ ಬಸ್ ನಿಲ್ದಾಣದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ವಾಂತಿ ಮಾಡಿಕೊಂಡು ಕೂತಿದ್ದೆ, ಪಕ್ಕದ ಮುದುಕ ತನ್ನ ಕಿತ್ತಳೆ ಬುಟ್ಟಿಯನ್ನು ಆಚೆ ಸರಿಸಿಕೊಂಡ.

ಟಕ್ ಟಕ್ ಟಕ್, ಶುರುವಾಯಿತು, ಆಮೇಲೆ ಆ ಉದ್ದನೆಯ ಗೊರಗೊರ, ದೋಣಿಯ ಹಳೇ ಎಂಜಿನ್ನಿನಂತೆಯೇ. ಕೂಡು ಗುರುತು ನೋಡು. ಉಸಿರಾಡು. ಇದೊಂದನ್ನು ಮರೆಯಬೇಡ, ಮಾರಾಯ್ತಿ, ಉಸಿರಾಡು. ಇವತ್ತು ಮೊದಲ ಸಲ ಯಂತ್ರ ನಡುವೆಯೇ ನಿಂತು, ಬಾಗಿಲು ದಡಾರನೆ ತೆರೆದು, ಹ್ಯೊಜು ಚಪ್ಪಲಿ ಜಾರಿಸಿಕೊಂಡು ಓಡಿಬಂದಳು, ಅಮ್ಮಾ, ಅಮ್ಮಾ, ಇದೀರಾ, ಉಸಿರಾಡ್ತಿದೀರಾ? ಇದೀನಲ್ಲಮ್ಮ, ಏನಾಯ್ತು? ಪಟ್ಟಿಯ ಗೆರೆ ಮಲಗೇ ಹೋಯ್ತು ಅಮ್ಮಾ, ಎಪ್ಪತ್ತು ಸೆಕೆಂಡು ಉಸಿರೇ ಇಲ್ಲ, ನನ್ನ ಎದೆ ಒಡ್ದೇ ಹೋಯ್ತು. ಎಪ್ಪತ್ತೇನಾ, ಬೇಸಿಗೆಯಲ್ಲಾದರೆ ನೂರು ದಾಟ್ತೀನಿ, ಎಂದೆ, ಹೆಮ್ಮೆಯಿಂದಲೇ ಎಂದೆ, ಕತ್ತೆ ನಾನು. ಹಿಂದೆಯೇ ಡಾಕ್ಟರ್ ತಾಕ್ ಬಂದ, ಕನ್ನಡಕ ಹಣೆಗೆ ಏರಿಸಿಕೊಂಡು ನನ್ನನ್ನೇ ನೋಡಿದ, ನೀವು ಮುಳುಗುವವರು ಅಂತ ಹಾಳೆಯಲ್ಲಿ ಬರೆದಿದ್ದೀರಾ? ಬರೆದಿದ್ದೆ. ನಾನು ಓದ್ಲಿಲ್ಲ, ನನ್ನದೇ ತಪ್ಪು, ಎಂದ. ಉಸಿರು ಬಿಗಿ ಹಿಡಿದರೆ ಮೆದುಳಿಗೆ ರಕ್ತ ನುಗ್ಗುತ್ತದಂತೆ, ಚಿತ್ರವೆಲ್ಲ ಬೆಳಗಿಬಿಡುತ್ತದಂತೆ, ಕಾಯಿಲೆಯದು ಯಾವುದು ಉಸಿರಿನದು ಯಾವುದು ತಿಳಿಯುವುದಿಲ್ಲವಂತೆ. ನಾನು ಬೇಕೆಂದು ಹಿಡಿದದ್ದಲ್ಲ. ಇಕ್ಕಟ್ಟಿನ ಜಾಗ, ಕಿವಿಯಲ್ಲಿ ಗೊರಗೊರ, ಮೈ ಅಲ್ಲಾಡಿಸಬೇಡ ಎಂಬ ಮಾತು, ಇಷ್ಟು ಸಿಕ್ಕರೆ ಮೈ ತಾನೇ ಮುಳುಗುತ್ತದೆ, ಎದೆ ತಾನೇ ಬಾಗಿಲು ಹಾಕಿಕೊಳ್ಳುತ್ತದೆ. ಸುಮ್ಮನಿರು ಎಂದರೆ ನಮ್ಮ ಊರ ಹೆಂಗಸರಿಗೆ ಇದೊಂದೇ ಗೊತ್ತಿರುವ ಸುಮ್ಮನಿರುವಿಕೆ. ಎರಡನೆಯ ಸಲ ಎಣಿಸಿದೆ, ಒಳಕ್ಕೆ ಒಂದು ಎರಡು ಮೂರು, ಹೊರಕ್ಕೆ ಒಂದು ಎರಡು ಮೂರು, ಮುಗಿದ ಮೇಲೆ ಹೇಗಿತ್ತು ಅಮ್ಮಾ ಎಂದು ಕೇಳಿದಳು, ಚೆನ್ನಾಗಿ ಎಣಿಸಿದೆ ಕಣಮ್ಮ ಎಂದೆ, ಅವಳ ಮುಖ ಇಳಿಯಿತು. ಎಣಿಸಿದರೆ ಅದು ಕೆಲಸವಂತೆ. ಅವರಿಗೆ ಬೇಕಾಗಿರುವುದು ಕೆಲಸವಿಲ್ಲದ ಮೆದುಳು. ನಿಮ್ಮಂಥವರ ತಲೆ ನೋವಿಲ್ಲದ ದಿನವೂ ಸುಮ್ಮನಿರೋದಿಲ್ಲ, ಎಂದಿದ್ದ ಡಾಕ್ಟರ್ ತಾಕ್, ಗುರುತಿಲ್ಲದ ದಾರಿಯಲ್ಲೆಲ್ಲ ಓಡಾಡ್ತಿರ್ತದೆ, ಅದನ್ನೇ ಹಿಡೀಬೇಕು ನಮಗೆ. ಆ ಮಾತನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಕೊಡಿ ಸ್ವಾಮಿ, ಮಾಲ್‌ಸುನ್ ಮುಖಕ್ಕೆ ಹಿಡಿಯುತ್ತೇನೆ, ಸದಾ ಬಿದ್ಕೊಂಡಿರ್ತಾಳೆ ಎಂದು ಊರಿಡೀ ಹೇಳಿಕೊಂಡು ಬಂದಳಲ್ಲ, ನೋಡು, ಬಿದ್ದುಕೊಂಡಾಗಲೂ ದುಡಿಯುತ್ತಿದ್ದೆನಂತೆ.

ಮಾಲ್‌ಸುನ್ ನಮ್ಮ ಮುಳುಗುವವರ ಸಂಘದ ಯಜಮಾನಿ, ಎಪ್ಪತ್ತೆರಡು ವರ್ಷ, ದಡದ ಬೆಂಕಿಕಟ್ಟೆಯಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂರುತ್ತಾಳೆ, ಆಳಕ್ಕೆ ಹೋಗುವವರಿಗೆ ಆ ಕಡೆ ಜಾಗ, ಕಡಿಮೆ ಆಳದವರಿಗೆ ಹೊಗೆ ಬಡಿಯುವ ಕಡೆ, ನನ್ನ ಜಾಗ ಹೊಗೆಯಲ್ಲಿ, ಹೊಗೆಯಿಂದಲೇ ಎಷ್ಟೋ ಸಲ ನೋವು ಎದ್ದಿದೆ, ಆದರೂ ಆ ಜಾಗ ಬೇಕು ನನಗೆ, ಅದೊಂದೇ ಬೇಕು. ಎಲ್ಲರಿಗೂ ಬರ್ತದೆ ಕಣೇ ತಲೆನೋವು, ನನಗಿಲ್ವಾ, ಪುಡಿ ಬಾಯಿಗೆ ಹಾಕ್ಕೊಂಡು ಇಳೀಬೇಕಪ್ಪ, ಎನ್ನುತ್ತಿದ್ದಳು, ನಿಜ, ನೀರಿಗಿಳಿಯುವ ಮೊದಲು ಎಲ್ಲರೂ ಒಂದೊಂದು ಪೊಟ್ಟಣ ನೋವಿನ ಪುಡಿ ನಾಲಿಗೆಗೆ ಸುರಿದುಕೊಳ್ಳುವವರೇ, ಗೆಣಸು ಹಂಚಿದ ಹಾಗೆ ಹಂಚಿಕೊಳ್ಳುತ್ತಿದ್ದೆವು. ಸಮ್‌ಚುನ್, ಇದು ಆ ನೋವಲ್ಲ — ನಮ್ಮಲ್ಲಿ ಹಿರಿಯರೆಲ್ಲ ಸಮ್‌ಚುನ್, ಗಂಡಾದರೂ ಹೆಣ್ಣಾದರೂ — ಇದು ಬರೋಕೆ ಮೊದಲು ಕಣ್ಣು ಹೋಗುತ್ತೆ, ಎಂದೆ. ಕಣ್ಣು ಹೋದೋಳು ಸೂಜಿಗೆ ದಾರ ಹೇಗೆ ಪೋಣಿಸ್ತೀಯೇ? ಎಲ್ಲರೂ ನಕ್ಕರು, ಬೊಂಗ್‌ಸನ್ ಮಾತ್ರ ನಗಲಿಲ್ಲ, ಗೆಣಸಿನ ಸಿಪ್ಪೆ ಸುಲಿದು ನನ್ನ ಕೈಗಿಟ್ಟಳು, ತಿನ್ನೇ ಮರಿ, ಹೊಟ್ಟೆ ಖಾಲಿ ಇದ್ರೆ ಜಾಸ್ತಿ. ನಲವತ್ತಾರು ವರ್ಷದ ಮರಿ ನಾನು, ಸಂಘದಲ್ಲೇ ಚಿಕ್ಕವಳು. ಬೊಂಗ್‌ಸನ್ ನನ್ನ ನೀರಿನ ಜೊತೆಗಾತಿ, ಅವಳ ಸಿಳ್ಳು ನನ್ನ ಕಿವಿಗೆ, ನನ್ನ ಸಿಳ್ಳು ಅವಳ ಕಿವಿಗೆ, ಮೇಲೆ ಬಂದು ಬಿಗಿಹಿಡಿದ ಉಸಿರು ಬಿಡುವಾಗ ಏಳುವ ಸಿಳ್ಳು, ಒಬ್ಬೊಬ್ಬರದು ಒಂದೊಂದು ತರಹ, ಅವಳದು ಕೊನೆಗೆ ಸ್ವಲ್ಪ ಒಡೆಯುತ್ತಿತ್ತು — ಉಸಿರು. ಉಸಿರಾಡು. ಆಡುತ್ತಿದ್ದೇನೆ. ಎಣಿಸುತ್ತಿಲ್ಲ. ಎಷ್ಟು ನಿಮಿಷವಾಯಿತೋ, ಕೂಡು ಗುರುತಿನ ಅಂಚು ಅದುರಿದಂತಾಯಿತೇ, ಇಲ್ಲ, ಕಣ್ಣು ಮಿಟುಕಿಸಿದ್ದಕ್ಕೆ, ಇವತ್ತು ಬೇಡ, ದಯವಿಟ್ಟು ಇವತ್ತು ಬೇಡ, ಅದು ಹೀಗೆಯೇ ಶುರುವಾಗುವುದು, ಒಂದು ಚುಕ್ಕಿ ಅದುರುತ್ತದೆ, ಚುಕ್ಕಿ ಬಾಗುತ್ತದೆ, ಬಾಗಿ ಹಲ್ಲು ಹಲ್ಲಿನ ಕುಡುಗೋಲಾಗುತ್ತದೆ, ಹೊಳೆಯುತ್ತ ಹೊಳೆಯುತ್ತ ಎಡಕ್ಕೆ ಬೆಳೆಯುತ್ತದೆ, ಅದು ಕೊಯ್ದ ಕಡೆ ಕತ್ತಲೆಯೂ ಉಳಿಯುವುದಿಲ್ಲ, ಏನೂ ಉಳಿಯುವುದಿಲ್ಲ, ಏಪ್ರಿಲ್‌ನಲ್ಲಿ ಆ ಬೆಳಗ್ಗೆಯೂ ಹಾಗೆಯೇ, ಅಲೆಯೇ ಇಲ್ಲದ ಕಡಲು, ನೀರಿನ ಮೇಲೆ ಬಿಸಿಲು ಚೂರು ಚೂರು, ಅದರಿಂದಲೇ ಎದ್ದಿತು. ತೇಲಲು ಹಿಡಿದುಕೊಳ್ಳುವ ನನ್ನ ಬುರುಡೆಯ ಮೇಲೆ ಕೆನ್ನೆಯೂರಿ ಮಲಗಿದೆ, ಕಿತ್ತಳೆ ಬಟ್ಟೆ ಸುತ್ತಿದ ಸೋರೆ ಬುರುಡೆ, ನಮ್ಮೆಲ್ಲರದೂ ಒಂದೇ ಬಣ್ಣ, ದೂರಕ್ಕೆ ಕಾಣಲಿ ಎಂದು. ಇಪ್ಪತ್ತು ನಿಮಿಷ ಕಾದರೆ ಎಡಗಡೆ ವಾಪಸ್ ಬರುತ್ತದೆ, ಯಾವತ್ತೂ ಬಂದಿದೆ, ಅವತ್ತೂ ಬಂತು, ಬಂದಾಗ ಎಡಕ್ಕೆ ಹತ್ತು ಮಾರು ದೂರದಲ್ಲಿ ಒಂದು ಕಿತ್ತಳೆ ಬುರುಡೆ, ಅಲೆಯಿಲ್ಲದ ನೀರಿನಲ್ಲಿ ನೆಟ್ಟಗೆ ನಿಂತಿತ್ತು, ಪಕ್ಕದಲ್ಲಿ ಯಾರೂ ಇರಲಿಲ್ಲ.

ಬಂಡೆಗೆ ಕಚ್ಚಿದ ಚಿಪ್ಪೊಂದನ್ನು ಮೀಟಲು ಹೋಗಿ ಬೊಂಗ್‌ಸನ್ ಮೀಟುಗೋಲು ಸಿಕ್ಕಿಕೊಂಡಿತ್ತು, ಕೋಲಿನ ಹಗ್ಗ ಅವಳ ಮುಂಗೈಗೆ ಬಿಗಿದಿತ್ತು, ಮೇಲೆ ತಂದಾಗ ಉಸಿರಿರಲಿಲ್ಲ. ಎರಡು ನಿಮಿಷದೊಳಗೆ ಸಿಳ್ಳು ಕೇಳದಿದ್ದರೆ ಕೆಳಗೆ ಹೋಗಬೇಕು, ಜೊತೆಗಾತಿ ಇರುವುದೇ ಅದಕ್ಕೆ. ನಿನ್ನ ಎಡಕ್ಕೇ ಇದ್ಲಲ್ಲೇ, ಕೂಗಿದ್ರೆ ಕೇಳ್ಸೋ ಅಷ್ಟು ದೂರ, ಕಾಣ್ಲಿಲ್ಲ ಅಂದ್ರೇನು, ಎಂದು ಕೇಳಿದಳು ಮಾಲ್‌ಸುನ್. ಎಡಗಡೆ ಇರ್ಲಿಲ್ಲ ಸಮ್‌ಚುನ್. ಇರ್ಲಿಲ್ವಾ, ಕಡಲಿನ ಎಡಗಡೇನ ಯಾರಾದ್ರೂ ಹೊತ್ಕೊಂಡು ಹೋದ್ರಾ? ಈ ಸಲ ಯಾರೂ ನಗಲಿಲ್ಲ. ಮಾಲ್‌ಸುನ್ ನನ್ನ ಕೂರುವ ಹಲಗೆ ಎತ್ತಿ ಬೆಂಕಿಕಟ್ಟೆಯ ಗೋಡೆಯಾಚೆ ಇಟ್ಟಳು, ಬಿಸಾಕಲಿಲ್ಲ, ಮೆಲ್ಲಗೆ ಇಟ್ಟಳು, ಅದೇ ಇನ್ನೂ ಉರಿಯುತ್ತದೆ, ತಲೆನೋವು ಬಿಡಿಸ್ಕೊಂಡು ಬಾ ಜಂಗಿಮ್, ಅಲ್ಲೀತನಕ ನಿನ್ನ ಪಕ್ಕಕ್ಕೆ ಯಾರನ್ನ ಇಳಿಸ್ಲಿ ಹೇಳು. ಇದು ನಿಜವಾದ ಕಾಯಿಲೆಯೇ ಎಂದು ಊರ ಡಾಕ್ಟರು ಚೀಟಿ ಬರೆದುಕೊಟ್ಟ, ಅವನು ಎಲ್ಲರಿಗೂ ಬರೀತಾನೆ ಎಂದಳು. ಅವಳದು ತಪ್ಪೇ? ಅವಳ ಜಾಗದಲ್ಲಿ ನಾನಿದ್ದರೆ ಹಲಗೆ ಬಿಸಾಕುತ್ತಿದ್ದೆ. ಚುಚ್ಚುಮದ್ದು ಹಿಡಿದರೆ ತಿಂಗಳಿಗೆ ಒಂಬತ್ತು ಸಲ ಬರುವ ನೋವು ಎರಡಕ್ಕೆ ಇಳಿಯಬಹುದು, ಎಂದ ಡಾಕ್ಟರ್ ತಾಕ್, ಇಳಿಯಬಹುದು ಅಷ್ಟೇ, ಅಷ್ಟೇ ಸಾಕು, ಚಳಿಗಾಲದ ಶಂಖದ ಹಂಗಾಮು ಮುಂದಿನ ವಾರ ಶುರು, ತಿಂಗಳುಗಟ್ಟಲೆ ನಡೆಯುತ್ತದೆ, ಈ ಸಲ ಇಲ್ಲದಿದ್ದರೆ ಮುಂದಿನ ಸಲ ನನ್ನ ಜಾಗದಲ್ಲಿ ಬೇರೆಯವರು ಕೂತಿರುತ್ತಾರೆ, ಗೊರಗೊರ, ಎಂಜಿನ್ನು ನಿಂತರೆ ಎಷ್ಟು ಮೌನ, ದೋಣಿ ನಿಂತಾಗ ಹಾಗೆಯೇ, ಒಬ್ಬೊಬ್ಬರೇ ನೀರಿಗೆ, ಬೊಂಗ್‌ಸನ್ ಕಾಲು ಮೇಲೆ ಮಾಡಿ ಇಳಿಯುತ್ತಾಳೆ, ಎರಡು ಕಪ್ಪು ಪಾದ, ಆಮೇಲೆ ಬರೀ ಬುರುಡೆ, ಈಗ ಕಾಯಬೇಕು, ಈ ಸಲ ಎಡಗಡೆ ಇದೆ, ಪೂರಾ ಇದೆ, ಚೆನ್ನಾಗಿ ನೋಡುತ್ತಿದ್ದೇನೆ, ಸಿಳ್ಳಿಗೆ ಕಿವಿ ಕೊಟ್ಟಿದ್ದೇನೆ, ಸಣ್ಣ ಸಿಳ್ಳು, ಕೊನೆಗೆ ಒಡೆಯುವಂಥದ್ದು, ನನ್ನ ಉಸಿರಿನ ಸದ್ದು ಅಡ್ಡ ಬರಬಾರದು, ಸದ್ದು ಮಾಡದೆ, ಇನ್ನೊಂದು ಚೂರು, ಈಗ ಬರುತ್ತಾಳೆ, ಬುರುಡೆ ಅಲುಗಿತೇ, ಇಲ್ಲ, ಇನ್ನೊಂದು ಚೂರು —

ಅಮ್ಮಾ. ಕಿವಿಯಲ್ಲಿ ಹ್ಯೊಜು. ಯಂತ್ರ ನಿಂತಿದೆ, ಯಾವಾಗ ನಿಂತಿತೋ. ಅಮ್ಮಾ, ಉಸಿರು ಬಿಡಿ. ಬಿಟ್ಟೆ, ಕೊಳವೆಯೊಳಗೆ ಸಿಳ್ಳು ಎದ್ದಿತು, ನನ್ನದೇ. ಎರಡು ಕಡೆ ಹಿಡಿದುಬಿಟ್ರಿ ಅಮ್ಮಾ, ಕೊನೇದಂತೂ ತುಂಬಾ ಉದ್ದ, ಅದರ ಸುತ್ತಮುತ್ತಲಿನದೂ ಹೋಯ್ತು, ಇನ್ನೊಂದ್ಸಲ ತೆಗೀಬಹುದಾ ಅಂತ ಡಾಕ್ಟರನ್ನ ಕೇಳ್ದೆ, ಆಗಲ್ಲ ಅಂದ್ರು, ಹನ್ನೆರಡರವರು ಬಟ್ಟೆ ಬದಲಾಯಿಸ್ಕೊಂಡು ಕೂತಿದಾರೆ. ಅವಳ ದನಿ ಒದ್ದೆಯಾಗಿತ್ತು, ಅವಳು ಯಾಕೆ ಅಳಬೇಕು, ಉಗುರಿಗೆ ಬಣ್ಣ ಹಚ್ಚಿದ ಹುಡುಗಿ. ಎಷ್ಟು ಹಾಳಾಯ್ತು ಹೇಳಮ್ಮ ಎಂದೆ. ಹೇಳಿದಳು. ಇನ್ನೂರ ನಲವತ್ತು ಚಿತ್ರಗಳಲ್ಲಿ ತೊಂಬತ್ತೇಳು. ಕೈತಪ್ಪಿದ ಚುಚ್ಚುಮದ್ದು ಆರು. ಹಂಗಾಮು ಒಂದು. ಎಡಕ್ಕೆ, ಹತ್ತು ಮಾರು ದೂರದಲ್ಲಿ, ಕಿತ್ತಳೆ ಬುರುಡೆಯ ಪಕ್ಕ, ಒಬ್ಬಳು.